‘ನನ್ನಿಂದ ತಪ್ಪೇ ಆಗಿಲ್ಲ ಸರ್’ ಅನ್ನಬೇಡಿ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಶನಿವಾರ ಬಂತೆಂದರೆ ಒಬ್ಬರೋ ಇಬ್ಬರೋ ಮಕ್ಕಳು ಕೂತಿರುತ್ತಾರೆ. ಕೈಯಲ್ಲಿ ಹಾರಾಟದ ಲೆಕ್ಕ ಬರೆದಿಟ್ಟ ಲಾಗ್‌ಬುಕ್, ಮೊಬೈಲಿನಲ್ಲಿ ಪ್ರಶ್ನೋತ್ತರಗಳ ಪಿಡಿಎಫ್. ಎಟಿಆರ್ ಅನ್ನುವ ಸಣ್ಣ ಪ್ರೊಪೆಲರ್ ವಿಮಾನ ಹಾರಿಸುವ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಕೆಲಸಕ್ಕೆ ಇಂಟರ್‌ವ್ಯೂ ಇದೆ, ಒಮ್ಮೆ ಪ್ರಶ್ನೆ ಕೇಳಿ ನೋಡಿ ಅಂತ ಬಂದಿರುತ್ತಾರೆ. ಸ್ಟಾಲ್, ಕ್ರಿಟಿಕಲ್ ಎಂಜಿನ್, ಹವಾಮಾನದಂಥ ಪಾಠಗಳನ್ನೆಲ್ಲ ಓದಿರುತ್ತಾರೆ. ಅದರ ಬಗ್ಗೆ ನಾನೇನೂ ಹೇಳಬೇಕಿಲ್ಲ.

ಕೊನೆಗೆ ಕೇಳುತ್ತೇನೆ: ‘ಹಾರಾಟದಲ್ಲಿ ನಿನ್ನಿಂದ ಆದ ಒಂದು ತಪ್ಪು ಹೇಳು.’

ಹೆಚ್ಚಿನವರ ಉತ್ತರ ಒಂದೇ. ‘ಅಂಥದ್ದೇನೂ ಆಗಿಲ್ಲ ಸರ್.’

ವರ್ಷಗಳಿಂದ ಇದನ್ನೇ ಕೇಳಿ ಕೇಳಿ ಬೇಸತ್ತಿದ್ದೇನೆ. ಕಮರ್ಷಿಯಲ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ವಿಮಾನದ ಪೂರ್ತಿ ಹೊಣೆ ನಿಮ್ಮದೇ. ಅಷ್ಟು ಹಾರಿ ಒಂದೂ ತಪ್ಪಾಗಿಲ್ಲ ಅಂದರೆ ಎದುರಿಗೆ ಕೂತ ಕ್ಯಾಪ್ಟನ್‌ಗೆ ಎರಡೇ ಅರ್ಥ ಹೊಳೆಯುತ್ತವೆ. ಒಂದು, ಈ ಹುಡುಗ ಮುಚ್ಚಿಡುತ್ತಿದ್ದಾನೆ. ಇನ್ನೊಂದು, ತಪ್ಪಾದದ್ದೇ ಇವನಿಗೆ ಗೊತ್ತಾಗಿಲ್ಲ. ಎರಡನೆಯದು ಇನ್ನೂ ಭಯದ್ದು.

ಹಾವೇರಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಅವಳೂ ಮೊದಲು ಹೀಗೇ ಅಂದಳು. ಆಮೇಲೆ ಚಹಾ ಕುಡಿಯುತ್ತ ಕೂತಾಗ ತಾನಾಗಿಯೇ ಒಂದು ಮಾತು ತೆಗೆದಳು. ಸೆಸ್ನಾ 172 ಅನ್ನುವ ಪುಟ್ಟ ತರಬೇತಿ ವಿಮಾನದಲ್ಲಿ ಒಬ್ಬಳೇ ಹಾರುತ್ತಿದ್ದ ದಿನ ಟವರ್‌ನಿಂದ ಕ್ಯೂಎನ್‌ಎಚ್ 1003 ಅಂತ ಬಂತು. ಎತ್ತರ ಸರಿಯಾಗಿ ತೋರಿಸಲು ಮೀಟರಿನಲ್ಲಿ ಇಡಬೇಕಾದ ಗಾಳಿಯ ಒತ್ತಡದ ಅಂಕಿ ಅದು. ಬಾಯಲ್ಲಿ ಸರಿಯಾಗಿ 1003 ಅಂತಲೇ ರೀಡ್‌ಬ್ಯಾಕ್ ಮಾಡಿದಳು, ಅಂದರೆ ಕೇಳಿದ್ದನ್ನು ತಿರುಗಿ ಹೇಳಿದಳು. ಆದರೆ ಎತ್ತರ ತೋರಿಸುವ ಆಲ್ಟಿಮೀಟರ್‌ನ ಗುಂಡಿ ತಿರುಗಿಸಿದ ಕೈ 1013ಕ್ಕೆ ನಿಲ್ಲಿಸಿತ್ತು. ಹತ್ತು ಹೆಕ್ಟೊಪಾಸ್ಕಲ್ ವ್ಯತ್ಯಾಸ ಅಂದರೆ ಸುಮಾರು 300 ಅಡಿ. ಮೀಟರ್ ಲೆಕ್ಕದಲ್ಲಿ ನೆಲದಿಂದ 1,000 ಅಡಿ ಮೇಲಿರಬೇಕು, ಇವಳು ಇರುವುದು 700ರಲ್ಲಿ. ಇಳಿಯುವ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ಗೆ ಬಂದಾಗ ಕೆಳಗಿನ ಗಿಡಗಳು ದಿನಾ ಕಾಣುವುದಕ್ಕಿಂತ ದೊಡ್ಡದಾಗಿ ಕಂಡವು. ಏನೋ ಸರಿಯಿಲ್ಲ ಅನ್ನಿಸಿ ಮತ್ತೆ ನೋಡಿದಳು, ಸರಿ ಮಾಡಿಕೊಂಡಳು. ಇಳಿದ ಮೇಲೆ ಇನ್‌ಸ್ಟ್ರಕ್ಟರ್‌ಗೆ ತಾನೇ ಹೇಳಿದಳು. ಅವತ್ತಿನಿಂದ ಸೆಟ್ ಮಾಡಿದ ಮೇಲೆ ಆ ಅಂಕಿಯ ಮೇಲೆ ಬೆರಳಿಟ್ಟು ಜೋರಾಗಿ ಓದುತ್ತಾಳಂತೆ.

‘ಇದನ್ನೇ ಹೇಳವ್ವಾ ಅಲ್ಲಿ’ ಅಂದೆ.

‘ಇದನ್ ಹೇಳಿದ್ರ ನನ್ ತಗೊಂತಾರೇನ್ರೀ ಸರ?’

ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಇಷ್ಟು ಒಳ್ಳೆಯ ಉತ್ತರವನ್ನು ಕಳಂಕದ ಹಾಗೆ ಬಚ್ಚಿಟ್ಟುಕೊಂಡಿದ್ದಾಳೆ ಅಲ್ವಾ!

ಇಂಟರ್‌ವ್ಯೂ ಪ್ಯಾನೆಲ್ ಈ ಪ್ರಶ್ನೆ ಯಾಕೆ ಕೇಳುತ್ತದೆ? ಎಟಿಆರ್ ಕಾಕ್‌ಪಿಟ್‌ನಲ್ಲಿ ಇಬ್ಬರು. ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಕಣ್ಣಿಟ್ಟಿರುತ್ತಾರೆ. ಬೆಂಗಳೂರು–ಹುಬ್ಬಳ್ಳಿಯಂಥ ಸಣ್ಣ ದಾರಿ, ಮೇಲೇರಿ ಸ್ವಲ್ಪ ಹೊತ್ತಿಗೇ ಇಳಿಯುವ ತಯಾರಿ. ದಿನಕ್ಕೆ ಹಲವು ಸಲ ಹೀಗೆ ಏರಿ ಇಳಿಯುವಾಗ ಸಣ್ಣಪುಟ್ಟ ತಪ್ಪು ಆಗಿಯೇ ಆಗುತ್ತವೆ. ಚೆಕ್‌ಲಿಸ್ಟ್ ಇರುವುದೇ ಅದಕ್ಕೆ. ಪಕ್ಕದಲ್ಲಿ ಕೂರುವವರು ‘ಸರ್, ನಾನು ತಪ್ಪು ಸೆಟ್ ಮಾಡಿದೆ’ ಅಂತ ಆ ಕ್ಷಣವೇ ಬಾಯಿ ಬಿಡುತ್ತಾರಾ ಅನ್ನುವುದು ಕ್ಯಾಪ್ಟನ್‌ಗೆ ಗೊತ್ತಾಗಬೇಕು. ತಪ್ಪು ಏನು, ಹೇಗೆ ಗೊತ್ತಾಯಿತು, ಆಗ ಏನು ಮಾಡಿದೆ, ಆಮೇಲೆ ಏನು ಬದಲಿಸಿಕೊಂಡೆ. ಅವರು ಕಿವಿಗೊಟ್ಟು ಕೇಳುವುದು ಇಷ್ಟನ್ನೇ. ಅದರಲ್ಲೂ ಕೊನೆಯದನ್ನು.

ಬೇರೆಯವರ ತಪ್ಪು ಕೇಳಿದರೆ ಮಾತ್ರ ನಮ್ಮ ಮಕ್ಕಳು ಪಟಪಟ ಹೇಳುತ್ತಾರೆ. 2015ರ ಮಾರ್ಚ್ 8ರಂದು ನಮ್ಮ ಹುಬ್ಬಳ್ಳಿಯಲ್ಲೇ ಮಳೆಯಲ್ಲಿ ಇಳಿದ ಕ್ಯೂ400 ಅನ್ನುವ ಪ್ರೊಪೆಲರ್ ವಿಮಾನ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು. ಒಳಗಿದ್ದವರೆಲ್ಲ ಬದುಕಿದರು. ಆ ಪೈಲಟ್‌ಗಳು ಏನು ಮಾಡಬೇಕಿತ್ತು ಅಂತ ಎಲ್ಲರಿಗೂ ಗೊತ್ತು. ‘ಅದೇ ಮಳೆಯಲ್ಲಿ ಸಹ ಪೈಲಟ್ ಕೂರುವ ಬಲಗಡೆ ಸೀಟಿನಲ್ಲಿ ನೀನಿದ್ದಿದ್ದರೆ, ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರೋಣ ಅಂತ ಯಾವಾಗ ಹೇಳುತ್ತಿದ್ದೆ?’ ಅಂತ ಕೇಳಿ ನೋಡಿ, ಪಡಸಾಲೆ ಸುಮ್ಮನಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಒಂದೊಂದು ಕಂಪನಿಯ ರೀತಿ ಒಂದೊಂದು. ಈ ಪ್ರಶ್ನೆ ಬರದೇ ಇರಬಹುದು. ಹೀಗೆ ಹೇಳಿದರೆ ಕೆಲಸ ಗ್ಯಾರಂಟಿ ಅಂತ ನಾನು ಹೇಳಲಾರೆ, ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ ನಡೆಯುವ ಸಿಮ್ಯುಲೇಟರ್ ಪರೀಕ್ಷೆಗೆ ಬೇರೆ ತಯಾರಿ ಬೇಕು. ಕೈತಪ್ಪಿ ಆದದ್ದು ಬೇರೆ, ಬೇಕಂತಲೇ ನಿಯಮ ಮುರಿದದ್ದು ಬೇರೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಬೇಡಿ. ಕಥೆಯನ್ನಂತೂ ಕಟ್ಟಲೇಬೇಡಿ. ಪ್ಯಾನೆಲ್‌ನವರು ಲಾಗ್‌ಬುಕ್ ತೆರೆದು ಆ ದಿನದ ಸಾಲು ತೋರಿಸು ಅಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಮಕ್ಕಳು ಮುಚ್ಚಿಡುವುದು ಯಾಕೆ ಅಂತಲೂ ನನಗೆ ಗೊತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಒಬ್ಬರು ಹೊಲ ಮಾರಿ ಮಗನನ್ನು ಓದಿಸಿದ್ದಾರೆ. ಇಂಟರ್‌ವ್ಯೂಗೆ ಹೋಗುವ ಮುಂಚೆ ನನ್ನೆದುರೇ ಅವನಿಗೆ ‘ಒಂದೂ ತಪ್ಪು ಮಾಡಬ್ಯಾಡಪಾ’ ಅಂದರು. ಹುಡುಗ ತಲೆ ತಗ್ಗಿಸಿದ. ಅವರನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದೆ: ‘ಸಾಹೇಬ್ರ, ಇವತ್ತು ಆ ಮಾತು ಬ್ಯಾಡ. ಆದದ್ದನ್ನ ಆದಂಗ ಹೇಳಪಾ ಅನ್ರಿ.’ ಅವರು ಸ್ವಲ್ಪ ಹೊತ್ತು ಗೇಟು ಹಿಡಿದು ನಿಂತರು. ಆಮೇಲೆ ಒಳಗೆ ಹೋಗಿ ಮಗನ ಪಕ್ಕ ಕೂತರು.