ಗಂಡಸರ ವೀರ್ಯಾಣು ಕೌಂಟ್ ಹೆಚ್ಚಿಸುವ ಡಬ್ಬಿ ನಿಜವಾಗ್ಲೂ ಕೆಲಸ ಮಾಡುತ್ತಾ?

ಪ್ರಶ್ನೆ: ನನಗೆ 33 ವರ್ಷ. ಮಂಡ್ಯ ಹತ್ತಿರದ ಹಳ್ಳಿ, ಸ್ವಂತ ಆಲೆಮನೆ ಇದೆ. ಮದುವೆಯಾಗಿ ಎರಡೂವರೆ ವರ್ಷವಾದರೂ ಮಕ್ಕಳಾಗಿಲ್ಲ. ಹೆಂಡತಿಗೆ ಮೂರು ಸಲ ಸ್ಕ್ಯಾನ್ ಆಗಿದೆ, ರಕ್ತ ಪರೀಕ್ಷೆಯೂ ಆಗಿದೆ. ಎಲ್ಲ ನಾರ್ಮಲ್ ಅಂದರು. ಸ್ನೇಹಿತನೊಬ್ಬ ಗಂಡಸರಿಗೆ ಅಂತಲೇ ಬರುವ ಒಂದು ಡಬ್ಬಿ ಹೇಳಿದ್ದಾನೆ. ಜಿಂಕ್, ಫೋಲಿಕ್ ಆಸಿಡ್, ಕೋಎನ್‌ಜೈಮ್ ಕ್ಯೂ10, ಅಶ್ವಗಂಧ ಎಲ್ಲ ಇದೆಯಂತೆ. ಮೂರು ತಿಂಗಳು ತಗೊಂಡರೆ ಕೌಂಟ್ ಜಾಸ್ತಿ ಆಗುತ್ತಾ?

ಉತ್ತರ: ಮೈಸೂರಿನಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್. ಈ ಪ್ರಶ್ನೆ ಹೊತ್ತು ಬರುವವರನ್ನು ನಾನು ಬಾಗಿಲಲ್ಲೇ ಗುರುತು ಹಿಡಿಯುತ್ತೇನೆ. ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ. ಪಕ್ಕದಲ್ಲಿ ನಿಂತವರು ಹೋಗುವ ತನಕ ಸೋಪು, ಶಾಂಪೂ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಫೋನ್ ತೆಗೆದು, ಬಾಯಿ ಬಿಡದೆ, ಡಬ್ಬಿಯ ಫೋಟೊ ತೋರಿಸುತ್ತಾರೆ.

ಅವರನ್ನು ಕೇಳುವುದನ್ನೇ ನಿಮ್ಮನ್ನೂ ಕೇಳುತ್ತೇನೆ. ಈಗ ನಿಮ್ಮ ಕೌಂಟ್ ಎಷ್ಟಿದೆ? ಹೆಂಡತಿಯ ಮೂರು ಸ್ಕ್ಯಾನ್ ಲೆಕ್ಕ ಕೊಟ್ಟಿದ್ದೀರಿ, ನಿಮ್ಮದೊಂದು ವೀರ್ಯ ಪರೀಕ್ಷೆಯ ಮಾತೇ ಇಲ್ಲ. ಎಷ್ಟಿತ್ತು ಅಂತಲೇ ಗೊತ್ತಿಲ್ಲದೆ ಜಾಸ್ತಿ ಆಯಿತಾ ಅಂತ ಹೇಗೆ ಹೇಳೋದು? ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ನಮ್ಮಲ್ಲಿ ಮೊದಲು ಆಸ್ಪತ್ರೆ ಮೆಟ್ಟಿಲು ಹತ್ತಿಸುವುದು ಹೆಂಡತಿಯನ್ನೇ. ಒಂದು ವರ್ಷ ಪ್ರಯತ್ನಪಟ್ಟರೂ ಆಗದಿದ್ದರೆ ಇಬ್ಬರೂ ಒಟ್ಟಿಗೆ ತೋರಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ.

ಇನ್ನು ಡಬ್ಬಿ ವಿಚಾರ. ಜಿಂಕ್ ಮತ್ತು ಫೋಲಿಕ್ ಆಸಿಡ್ ಬಗ್ಗೆ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೇ ನಡೆದಿದೆ. ಮಕ್ಕಳಾಗಲು ಚಿಕಿತ್ಸೆಗೆ ಬಂದಿದ್ದ 2,370 ದಂಪತಿಗಳು. ಗಂಡಂದಿರಲ್ಲಿ ಅರ್ಧ ಜನಕ್ಕೆ ಆರು ತಿಂಗಳು ದಿನಾ 30 ಮಿಲಿಗ್ರಾಂ ಜಿಂಕ್, 5 ಮಿಲಿಗ್ರಾಂ ಫೋಲಿಕ್ ಆಸಿಡ್. ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. 2020ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರ ಮನೆಯಲ್ಲಿ ಮಗು ಹುಟ್ಟಿದ್ದು 100ಕ್ಕೆ 34, ತಿನ್ನದವರಲ್ಲಿ 35. ಕೌಂಟ್‌ನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಿಂದವರಿಗೆ ಹೊಟ್ಟೆನೋವು, ವಾಕರಿಕೆ ಮಾತ್ರ ಸ್ವಲ್ಪ ಜಾಸ್ತಿ.

ಕೋಎನ್‌ಜೈಮ್ ಕ್ಯೂ10, ಅಶ್ವಗಂಧಕ್ಕೆ ಸಣ್ಣಪುಟ್ಟ ಅಧ್ಯಯನಗಳಲ್ಲಿ ಒಳ್ಳೆ ಮಾತು ಬಂದಿದೆ. ಕೌಂಟ್, ವೀರ್ಯಾಣುಗಳ ಚಲನೆ ಸ್ವಲ್ಪ ಸುಧಾರಿಸಿದ್ದೂ ಇದೆ. ಅದರಿಂದ ಮಗುವಾಗುವುದು ಹೆಚ್ಚುತ್ತದೆ ಅನ್ನಲು ಗಟ್ಟಿ ಆಧಾರ ಸಾಲದು. ಅಶ್ವಗಂಧದಿಂದ ಅಪರೂಪಕ್ಕೆ ಲಿವರ್‌ಗೆ ತೊಂದರೆ ಆಗಿರುವುದುಂಟು. ಥೈರಾಯ್ಡ್ ಮಾತ್ರೆ ತಿನ್ನುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಇಂಥ ಸಪ್ಲಿಮೆಂಟ್‌ಗಳು ಕಾನೂನಿನ ಲೆಕ್ಕದಲ್ಲಿ ಆಹಾರ, ಔಷಧಿ ಅಲ್ಲ. 'ಔಷಧಿಯಾಗಿ ಬಳಸುವಂಥದ್ದಲ್ಲ' ಅಂತ ಡಬ್ಬಿಯ ಮೇಲೇ ಇಂಗ್ಲಿಷಿನಲ್ಲಿ ಇರುತ್ತದೆ. ಸಣ್ಣ ಅಕ್ಷರ, ಯಾರು ಓದ್ತಾರೆ?

ಹಾಗಾದರೆ ನಿಮ್ಮ ಸ್ನೇಹಿತ ಸುಳ್ಳು ಹೇಳಿದನಾ? ಇಲ್ಲ. ಕೌಂಟ್ ಒಂದೇ ಕಡೆ ನಿಲ್ಲುವಂಥದ್ದಲ್ಲ. ಡೆಂಗ್ಯೂ ಥರದ ಜೋರು ಜ್ವರ ಬಂದರೆ ಎರಡು ಮೂರು ತಿಂಗಳು ಇಳಿದಿರುತ್ತದೆ. ವೀರ್ಯಾಣು ತಯಾರಾಗುವುದಕ್ಕೇ 70 ದಿನದ ಮೇಲೆ ಬೇಕು. ಕೌಂಟ್ ಕೆಳಗಿದ್ದಾಗ ಪರೀಕ್ಷೆ ಮಾಡಿಸಿ, ಡಬ್ಬಿ ತಿಂದು, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ ಎಷ್ಟೋ ಜನಕ್ಕೆ ತಾನಾಗೇ ಏರಿರುತ್ತದೆ. ಹೆಸರು ಡಬ್ಬಿಗೆ. ಮಾರುವವನು ನಾನೇ, ಆದರೂ ಹೇಳ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆಲೆಮನೆಯ ಮೇಲೆ. ವೃಷಣಗಳು ಮೈಯಿಂದ ಹೊರಗೆ ನೇತಾಡುವುದು ಸುಮ್ನೆ ಅಲ್ಲ. ಅವುಗಳಿಗೆ ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಗಾಣ ನಡೆಯುವ ದಿನಗಳಲ್ಲಿ ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತಳ್ಳುತ್ತಾ ಕೂರುವವರು ನೀವೇನಾ, ಅಥವಾ ಕೊಪ್ಪರಿಗೆ ಪಕ್ಕ ನಿಂತು ಪಾಕ ನೋಡುವವರಾ? ಹಾಗಿದ್ದರೆ ಒಂದು ಮೂರ್ನಾಲ್ಕು ತಿಂಗಳು ಆ ಕೆಲಸ ಬೇರೆಯವರಿಗೆ ಕೊಟ್ಟು, ಲೆಕ್ಕಪತ್ರವೋ ಲೋಡಿಂಗೋ ನೀವು ನೋಡಿಕೊಳ್ಳಿ. ಬೇಕರಿ ಒಲೆ, ವೆಲ್ಡಿಂಗ್ ಕೆಲಸದವರಿಗೂ ಇದೇ ಮಾತು. ಗದ್ದೆಗೆ ಔಷಧಿ ಹೊಡೆಯುವವರು ನೀವೇ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬೀಡಿ, ಗುಟ್ಕಾ ಬಿಡಿ. ಇದು ಗೊತ್ತಿರೋದೇ, ಅಲ್ವಾ.

ಜಿಮ್‌ಗೆ ಹೋಗುವ ಹುಡುಗರಿಗೆ ಒಂದು ಮಾತು. ಗಂಡಸುತನದ ಹಾರ್ಮೋನ್ ಅಲ್ವಾ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಕೌಂಟೂ ಏರುತ್ತೆ ಅಂತ ಕೇಳಿಕೊಂಡು ಬರುತ್ತಾರೆ. ಆಗುವುದು ಪೂರ್ತಿ ಉಲ್ಟಾ. ಹೊರಗಿನಿಂದ ಬಂತು ಅಂತ ಮೆದುಳು ವೃಷಣಕ್ಕೆ ಕಳಿಸುವ ಆರ್ಡರ್ ನಿಲ್ಲಿಸಿಬಿಡುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೆ ವಾಪಸ್ ಬರಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮೇಲೆ.

ಬಿ12, ವಿಟಮಿನ್ ಡಿ ಕಡಿಮೆ ಇದೆ ಅಂತ ರಕ್ತ ಪರೀಕ್ಷೆಯಲ್ಲಿ ಬಂದರೆ ಮಾತ್ರೆ ತಗೊಳ್ಳಿ, ಅದು ನಿಮ್ಮ ಆರೋಗ್ಯಕ್ಕೆ. ಜಿಂಕ್‌ಗೆ ಹುರುಳಿಕಾಳು, ಎಳ್ಳು, ಕಡಲೆಕಾಯಿ, ಮೊಟ್ಟೆ, ತಿನ್ನುವವರಾದರೆ ಮಾಂಸ ಇದ್ದೇ ಇದೆ. ಎರಡು ಬೇರೆ ಬೇರೆ ಡಬ್ಬಿ ಒಟ್ಟಿಗೆ ತಿನ್ನುವವರೂ ಇದ್ದಾರೆ. ದಿನಕ್ಕೆ 40 ಮಿಲಿಗ್ರಾಂ ಮೀರಿ ಜಿಂಕ್ ಬಹಳ ದಿನ ಹೊಟ್ಟೆಗೆ ಹೋದರೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗುತ್ತದೆ.

ಪರೀಕ್ಷೆಯಲ್ಲಿ ಕೌಂಟ್ ಕಡಿಮೆ ಬಂದರೆ ಗಾಬರಿ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ಕೆಳಗಿನ ಗಡಿ. ರಿಪೋರ್ಟ್‌ನಲ್ಲಿ ಅದು 16 ಮಿಲಿಯನ್ ಅಂತ ಇರುತ್ತದೆ. ಅದಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿದ್ದಾರೆ. ಎರಡನೇ ಸಲವೂ ಕಡಿಮೆ ಇದ್ದರೆ ಯೂರಾಲಜಿಸ್ಟ್‌ಗೆ, ಅಂದರೆ ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞರಿಗೆ ತೋರಿಸಿ. ವೃಷಣದ ಮೇಲಿನ ರಕ್ತನಾಳ ಊದಿಕೊಂಡಿರುವ ವೇರಿಕೋಸೀಲ್ ಅನ್ನೋದು ತೋರಿಸಿಕೊಂಡವರಲ್ಲಿ 100ಕ್ಕೆ 35–40 ಜನಕ್ಕೆ ಸಿಗುತ್ತದೆ. ಕೈಯಲ್ಲಿ ಮುಟ್ಟಿ ನೋಡಿಯೇ ಡಾಕ್ಟರ್ ಹೇಳಬಹುದು. ಎಷ್ಟು ಡಬ್ಬಿ ತಿಂದರೂ ಅದು ಇಳಿಯುವುದಿಲ್ಲ. ಬೇಕಿದ್ದವರಿಗೆ ಸಣ್ಣ ಆಪರೇಷನ್ ಇದೆ. ಕೀಲುನೋವಿಗೋ ಕರುಳಿಗೋ ಸಲ್ಫಸಲಾಜಿನ್ ಮಾತ್ರೆ ತಿನ್ನುತ್ತಿದ್ದರೆ ತಪ್ಪದೆ ಹೇಳಿ, ಅದರಿಂದಲೂ ಕೌಂಟ್ ಇಳಿಯುತ್ತದೆ. ನೀವಾಗೇ ನಿಲ್ಲಿಸಬೇಡಿ, ಡಾಕ್ಟರ್ ಬೇರೆ ಬರೆದುಕೊಡುತ್ತಾರೆ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗದಂತೆ ನೋಡಿಕೊಳ್ಳಿ. ಸೋಪು, ಎಣ್ಣೆ ಬಳಸಬೇಡಿ. ಲ್ಯಾಬ್ ಕೊಡುವ ಡಬ್ಬಿಯಲ್ಲೇ ಕೊಡಿ. ಮೊದಲ ಹನಿ ಕೆಳಗೆ ಬಿದ್ದಿದ್ದರೆ ಮುಚ್ಚಿಡದೆ ಹೇಳಿಬಿಡಿ, ಯಾಕೆಂದರೆ ಜಾಸ್ತಿ ವೀರ್ಯಾಣು ಇರುವುದು ಅದರಲ್ಲೇ. ಒಂದು ಗಂಟೆಯೊಳಗೆ ಅದು ಲ್ಯಾಬ್ ಸೇರಬೇಕು. ಹಾಗಾಗಿ ಊರಲ್ಲಿ ತೆಗೆದು, ಜೇಬಲ್ಲಿಟ್ಟುಕೊಂಡು ಮೈಸೂರು ಬಸ್ ಹತ್ತಬೇಡಿ. ಲ್ಯಾಬ್‌ನಲ್ಲೇ ಕೋಣೆ ಇರುತ್ತದೆ, ಕೇಳಿ. ಇಲ್ಲವಾದರೆ ಮಂಡ್ಯದಲ್ಲೇ ಕೊಡಿ.