ಪದ ಪರಿಚಯ: ಗ್ರ್ಯಾಮಿಯಲ್ಲಿ ‘ರೆಕಾರ್ಡ್ ಆಫ್ ದಿ ಇಯರ್’ ಅಂದರೆ ಏನು?

2003ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯ ಸಮಾರಂಭ ನಡೆಯಿತು. ಆ ರಾತ್ರಿ ‘ಡೋಂಟ್ ನೋ ವೈ’ ಎಂಬ ಒಂದೇ ಹಾಡಿಗೆ ಎರಡು ದೊಡ್ಡ ಪ್ರಶಸ್ತಿ ಬಂದವು. ಒಂದು ‘ರೆಕಾರ್ಡ್ ಆಫ್ ದಿ ಇಯರ್’, ಇನ್ನೊಂದು ‘ಸಾಂಗ್ ಆಫ್ ದಿ ಇಯರ್’. ಮೊದಲನೆಯದು ಹಾಡಿದ ನೋರಾ ಜೋನ್ಸ್ ಮತ್ತು ಅವರ ಸ್ಟುಡಿಯೋ ತಂಡಕ್ಕೆ ಸಿಕ್ಕಿತು. ನೋರಾ ಯಾರು ಗೊತ್ತಲ್ವಾ, ಸಿತಾರ್ ಮಾಂತ್ರಿಕ ಪಂಡಿತ್ ರವಿಶಂಕರ್ ಅವರ ಮಗಳು. ಎರಡನೆಯದು ಜೆಸ್ಸಿ ಹ್ಯಾರಿಸ್ ಒಬ್ಬರಿಗೇ ಹೋಯಿತು. ಹಾಡನ್ನು ಬರೆದವರು ಅವರು.

ಹಾಡು ಒಂದೇ, ಪ್ರಶಸ್ತಿ ಎರಡು, ಪಡೆದವರು ಬೇರೆ ಬೇರೆ. ಗ್ರ್ಯಾಮಿ ಸುದ್ದಿ ಓದುವಾಗ ತುಂಬ ಜನ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ.

ರೆಕಾರ್ಡ್ ಅಂದ ಕೂಡಲೇ ನಮಗೆ ನೆನಪಾಗುವುದು ಕಪ್ಪು ಗ್ರಾಮಾಫೋನ್ ತಟ್ಟೆ. ಗ್ರ್ಯಾಮಿಯ ಲೆಕ್ಕದಲ್ಲಿ ರೆಕಾರ್ಡ್ ಅಂದರೆ ಒಂದು ಹಾಡಿನ ಒಂದು ಧ್ವನಿಮುದ್ರಣ, ಅಷ್ಟೆ. ಯಾವುದೋ ಒಂದು ದಿನ, ಯಾವುದೋ ಸ್ಟುಡಿಯೋದಲ್ಲಿ, ಒಬ್ಬ ಗಾಯಕಿ ಹಾಡಿ, ವಾದ್ಯಗಾರರು ನುಡಿಸಿ, ಎಂಜಿನಿಯರ್ ಮೈಕು ಹೊಂದಿಸಿ ಸೆರೆಹಿಡಿದ ಆ ಒಂದು ರೂಪ. ಪ್ರಶಸ್ತಿಗೆ ಗಾಯಕರ ಜೊತೆ ನಿರ್ಮಾಪಕರು, ರೆಕಾರ್ಡಿಂಗ್ ಎಂಜಿನಿಯರುಗಳು, ಮಿಕ್ಸಿಂಗ್ ಮಾಡಿದವರು (ಕಂಠ, ವಾದ್ಯಗಳ ದನಿಯನ್ನು ಹದವಾಗಿ ಬೆರೆಸುವವರು), ಕೊನೆಯಲ್ಲಿ ಮಾಸ್ಟರಿಂಗ್ ಮಾಡಿದವರು (ಬಿಡುಗಡೆಗೆ ಮುಂಚೆ ಕೊನೆಯ ಒಪ್ಪ ಕೊಡುವವರು) ಎಲ್ಲರೂ ಪಾಲುದಾರರು. ಇಲ್ಲಿ ನಿರ್ಮಾಪಕ ಅಂದರೆ ಸಿನಿಮಾದ ಹಾಗೆ ಹಣ ಹಾಕುವವರಲ್ಲ. ಹಾಡು ಹೇಗೆ ಕೇಳಿಸಬೇಕು ಅಂತ ನಿರ್ಧರಿಸುವವರು.

1959ರ ಮೇ ತಿಂಗಳಲ್ಲಿ ಮೊದಲ ಗ್ರ್ಯಾಮಿ ನಡೆದಾಗ ಈ ಪ್ರಶಸ್ತಿ ಕಲಾವಿದರಿಗೆ ಮಾತ್ರ ಇತ್ತು. ನಿರ್ಮಾಪಕರ ಹೆಸರು ಸೇರಿದ್ದು ಆಮೇಲೆ. ಎಂಜಿನಿಯರುಗಳು ಇನ್ನೂ ಎಷ್ಟೋ ವರ್ಷ ಕಾಯಬೇಕಾಯಿತು. ಮಾಸ್ಟರಿಂಗ್ ಮಾಡುವವರಿಗಂತೂ ಈ ಶತಮಾನದಲ್ಲಿ ಜಾಗ ಸಿಕ್ಕಿದ್ದು. ಸ್ಟುಡಿಯೋದ ಗಾಜಿನ ಆಚೆ ಕೂತವರೂ ಹಾಡು ಕಟ್ಟುತ್ತಾರೆ ಅಂತ ಒಪ್ಪಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

‘ಸಾಂಗ್ ಆಫ್ ದಿ ಇಯರ್’ ಇದಕ್ಕೆ ತದ್ವಿರುದ್ಧ. ಇದು ಸಾಹಿತ್ಯ ಮತ್ತು ಧಾಟಿಗೆ ಸಲ್ಲುವುದು. ಹಾಡಿದವರು ಬರೆದವರೂ ಆಗಿದ್ದರೆ ಮಾತ್ರ ಅವರಿಗೆ ಪಾಲು.

ಈ ವ್ಯತ್ಯಾಸ ಕಿವಿಗೇ ತಿಳಿಯಬೇಕು ಅಂದರೆ 1994ರ ಗ್ರ್ಯಾಮಿಗೆ ಹೋಗಬೇಕು. ಆ ವರ್ಷದ ರೆಕಾರ್ಡ್ ಪ್ರಶಸ್ತಿ ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ಗೆ ಬಂತು. ‘ದಿ ಬಾಡಿಗಾರ್ಡ್’ ಸಿನಿಮಾದ ಹಾಡು. ಇದನ್ನು ಬರೆದವರು ವಿಟ್ನಿ ಅಲ್ಲ, ಕಂಟ್ರಿ ಗಾಯಕಿ ಡಾಲಿ ಪಾರ್ಟನ್. 1974ರಲ್ಲೇ ಅವರು ಅದನ್ನು ಹಾಡಿ ಬಿಡುಗಡೆ ಮಾಡಿದ್ದರು. ತಮ್ಮನ್ನು ಬೆಳೆಸಿದ ಪೋರ್ಟರ್ ವ್ಯಾಗನರ್ ಅವರ ತಂಡ ಬಿಟ್ಟು ಹೊರಡುವಾಗ ಬರೆದ ವಿದಾಯದ ಹಾಡು ಅದು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಡಾಲಿಯದು ಮೂರು ನಿಮಿಷವೂ ಇಲ್ಲ. ತೆಳುವಾದ ದನಿ, ಹಿಂದೆ ಮೆಲ್ಲಗೆ ಗಿಟಾರ್. ಕೊನೆಯ ಚರಣವನ್ನು ಹಾಡುವುದೇ ಇಲ್ಲ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಮಾತಿನಲ್ಲೇ ಹೇಳುತ್ತಾರೆ. ವಿಟ್ನಿಯದು ನಾಲ್ಕೂವರೆ ನಿಮಿಷ. ಶುರುವಿನಲ್ಲಿ ಒಂದೂ ವಾದ್ಯವಿಲ್ಲ, ಬರೀ ಕಂಠ. ಆಮೇಲೆ ವಾದ್ಯಗಳು ಒಂದೊಂದಾಗಿ ಮೆತ್ತಗೆ ಬರುತ್ತವೆ. ಕೊನೆಯ ಪಲ್ಲವಿಗೆ ಮುಂಚೆ ಎಲ್ಲವೂ ಒಂದು ಕ್ಷಣ ನಿಲ್ಲುತ್ತದೆ. ಡ್ರಮ್ಮಿನ ಒಂದೇ ಒಂದು ಪೆಟ್ಟು. ಶ್ರುತಿ ಮೇಲೇರುತ್ತದೆ, ವಿಟ್ನಿಯ ದನಿ ಅದಕ್ಕೂ ಮೇಲೆ ಹೋಗುತ್ತದೆ. ಆ ಮೌನವನ್ನು ಅಲ್ಲಿ ಇಡಬೇಕು, ಪೆಟ್ಟು ಇಷ್ಟು ಗಟ್ಟಿ ಬೀಳಬೇಕು ಅನ್ನೋದು ಡಾಲಿ ಬರೆದ ಹಾಳೆಯಲ್ಲಿ ಇರಲಿಲ್ಲ. ಅದೇ ರೆಕಾರ್ಡ್. ಆದ್ದರಿಂದಲೇ ಪ್ರಶಸ್ತಿ ವಿಟ್ನಿ ಮತ್ತು ನಿರ್ಮಾಪಕ ಡೇವಿಡ್ ಫಾಸ್ಟರ್ ಅವರಿಗೆ ಹೋಯಿತು. ಆ ವರ್ಷದ ಸಾಂಗ್ ಪ್ರಶಸ್ತಿ ‘ಅಲಾದೀನ್’ ಚಿತ್ರದ ಬೇರೊಂದು ಹಾಡಿನ ಪಾಲಾಯಿತು.

ಹಾಗಾದರೆ ಡಾಲಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು, ಅದೂ ಚೆನ್ನಾಗಿಯೇ ಸಿಕ್ಕಿತು. ಹಾಡಿನ ಹಕ್ಕು ಅವರ ಕೈಯಲ್ಲೇ ಇತ್ತು. ಹಿಂದೆ ಎಲ್ವಿಸ್ ಪ್ರೆಸ್ಲಿ ಈ ಹಾಡನ್ನು ಹಾಡಲು ಆಸೆಪಟ್ಟಿದ್ದರು. ಅವರ ಮ್ಯಾನೇಜರ್ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಡಾಲಿ ಅತ್ತರು, ಆದರೆ ಕೊಡಲಿಲ್ಲ. ವಿಟ್ನಿಯ ಧ್ವನಿಮುದ್ರಣ ಜಗತ್ತೆಲ್ಲ ಮಾರಾಟವಾದಾಗ ಬರೆದವರ ರಾಯಲ್ಟಿ ಡಾಲಿಗೇ ಬಂತು.

ಅಂದರೆ ಗ್ರ್ಯಾಮಿ ಸುಮ್ನೆ ಎರಡು ಹೆಸರು ಇಟ್ಟುಕೊಂಡಿಲ್ಲ. ಸಂಗೀತದ ವ್ಯವಹಾರ ನಿಂತಿರುವುದೇ ಆ ಭೇದದ ಮೇಲೆ. ಹಾಡಿಗೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಇನ್ನೊಂದು ಹಕ್ಕು. ಟೇಲರ್ ಸ್ವಿಫ್ಟ್ ತಮ್ಮ ಹಳೆಯ ಆಲ್ಬಮ್‌ಗಳನ್ನು 2021ರಿಂದ ಮತ್ತೆ ಹಾಡಿ ‘ಟೇಲರ್ಸ್ ವರ್ಷನ್’ ಅಂತ ಬಿಡುಗಡೆ ಮಾಡಲು ಆಗಿದ್ದೂ ಇದರಿಂದಲೇ. ಹಳೆಯ ರೆಕಾರ್ಡುಗಳು ಬೇರೆಯವರ ಕೈಗೆ ಹೋಗಿದ್ದವು, ಹಾಡು ಬರೆದವರ ಹಕ್ಕು ಅವರ ಹತ್ತಿರವೇ ಇತ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಗೀತರಚನೆಕಾರರ, ಸಂಗೀತ ನಿರ್ದೇಶಕರ ರಾಯಲ್ಟಿಗೆ ಗಟ್ಟಿ ರಕ್ಷಣೆ ಸಿಕ್ಕಿದ್ದು ಮಾತ್ರ 2012ರ ತಿದ್ದುಪಡಿಯಲ್ಲಿ.

ನಮ್ಮವರ ಗೆಲುವುಗಳನ್ನೂ ಈ ಕಣ್ಣಿನಿಂದ ನೋಡಿದರೆ ಬೇರೆ ಥರ ಕಾಣುತ್ತವೆ. 2010ರಲ್ಲಿ ‘ಜೈ ಹೋ’ಗೆ ಬಂದ ಗ್ರ್ಯಾಮಿ ಸಿನಿಮಾಕ್ಕೆಂದು ಬರೆದ ಹಾಡಿನ ವಿಭಾಗದ್ದು. ಹಾಗಾಗಿ ಎ.ಆರ್. ರೆಹಮಾನ್ ಜೊತೆ ಗುಲ್ಜಾರ್ ಮತ್ತು ತನ್ವಿ ಷಾ ಅವರಿಗೂ ಪ್ರಶಸ್ತಿ ಬಂತು. ಹಾಡಿನ ತುಂಬ ನಾವು ಕೇಳುವುದು ಸುಖವಿಂದರ್ ಸಿಂಗ್ ಅವರ ಕಂಠ. ಆದರೆ ಬರೆದವರ ಪಟ್ಟಿಯಲ್ಲಿ ಅವರಿಲ್ಲ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಇದಕ್ಕೆ ತಿರುಗುಮುರುಗು ಆಗುವುದುಂಟು. ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ಪ್ರಶಸ್ತಿ ಪಡೆದಿದ್ದು ಹಿನ್ನೆಲೆ ಗಾಯಕರಾಗಿ. ಸಾಹಿತ್ಯ ಚಂದ್ರಶೇಖರ ಕಂಬಾರರದು.

ಇನ್ನು ‘ಆಲ್ಬಮ್ ಆಫ್ ದಿ ಇಯರ್’. ಇದು ಇಡೀ ಆಲ್ಬಮ್‌ಗೆ ಕೊಡುವುದು, ಹೆಚ್ಚು ವಿವರಣೆ ಬೇಡ. ನೆನಪಿಡಬೇಕಾದ ನಿಯಮ ಒಂದೇ: ಹಾಡಿದವರು, ಬರೆದವರು, ಎಂಜಿನಿಯರುಗಳು ಯಾರೇ ಆಗಲಿ, ಆಲ್ಬಮ್‌ನ ಒಟ್ಟು ಅವಧಿಯಲ್ಲಿ ಕನಿಷ್ಠ ಶೇಕಡಾ 20ರಷ್ಟಕ್ಕೆ ಕೆಲಸ ಮಾಡಿದ್ದರೆ ಮಾತ್ರ ಪ್ರಶಸ್ತಿಯಲ್ಲಿ ಪಾಲು. ಮಗಳು ನೋರಾ 2003ರಲ್ಲಿ ಈ ಪ್ರಶಸ್ತಿಯನ್ನೂ ಗೆಲ್ಲುವ ಮೂವತ್ತು ವರ್ಷ ಮೊದಲೇ, 1973ರಲ್ಲಿ, ಅಪ್ಪ ರವಿಶಂಕರ್ ಅದನ್ನು ಗೆದ್ದಿದ್ದರು. ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಜೊತೆಗಿನ ‘ದಿ ಕನ್ಸರ್ಟ್ ಫಾರ್ ಬಾಂಗ್ಲಾದೇಶ್’ ಆಲ್ಬಮ್‌ಗೆ.

ಗೆಲ್ಲುವವರನ್ನು ಆರಿಸುವುದು ಗ್ರ್ಯಾಮಿ ಕೊಡುವ ಸಂಸ್ಥೆಯಾದ ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು. ಎಲ್ಲರೂ ಇದೇ ಕಸುಬಿನವರು, ಕೇಳುಗರಿಗೆ ಓಟಿಲ್ಲ. ಹೀಗಾಗಿ ಮೂರು ಪ್ರಶಸ್ತಿ ಮೂರು ದಾರಿ ಹಿಡಿಯುವುದು ಸಾಮಾನ್ಯ. 2024ರಲ್ಲಿ ರೆಕಾರ್ಡ್ ಪ್ರಶಸ್ತಿ ಮೈಲಿ ಸೈರಸ್ ಅವರ ‘ಫ್ಲವರ್ಸ್’ಗೆ, ಸಾಂಗ್ ಪ್ರಶಸ್ತಿ ಬಿಲ್ಲಿ ಐಲಿಶ್ ಮತ್ತು ಅಣ್ಣ ಫಿನಿಯಸ್ ಬರೆದ ಹಾಡಿಗೆ, ಆಲ್ಬಮ್ ಪ್ರಶಸ್ತಿ ಟೇಲರ್ ಸ್ವಿಫ್ಟ್‌ಗೆ ಹೋಯಿತು. ಮರುವರ್ಷ ಕೆಂಡ್ರಿಕ್ ಲಮಾರ್ ಒಂದೇ ಹಾಡಿನಿಂದ ಮೊದಲೆರಡನ್ನೂ ಬಾಚಿಕೊಂಡರು.

ನನಗೆ ಇವುಗಳಲ್ಲಿ ರೆಕಾರ್ಡ್ ಪ್ರಶಸ್ತಿಯ ಮೇಲೇ ಪ್ರೀತಿ ಜಾಸ್ತಿ. ನಮ್ಮ ಕ್ಯಾಸೆಟ್ಟುಗಳ ಮೇಲೆ ಸಾಹಿತ್ಯ, ಸಂಗೀತ, ಗಾಯನ ಅಂತ ಮೂರು ಸಾಲು ತಪ್ಪದೆ ಇರುತ್ತಿದ್ದವು. ರೆಕಾರ್ಡಿಂಗ್ ಮಾಡಿದವರ ಹೆಸರು ಹುಡುಕಬೇಕಿತ್ತು. ಬೆಂಗಳೂರಿನ ರಿಕ್ಕಿ ಕೇಜ್ ‘ಡಿವೈನ್ ಟೈಡ್ಸ್’ ಆಲ್ಬಮ್‌ಗೆ ಎರಡು ಸಲ ಗ್ರ್ಯಾಮಿ ಪಡೆದದ್ದು ಹೇಗೆ ಅಂತ ಕೇಳುವವರಿದ್ದಾರೆ. ಉತ್ತರ ಇಲ್ಲೇ ಇದೆ. 2022ರಲ್ಲಿ ಬಂದದ್ದು ನ್ಯೂ ಏಜ್ ಆಲ್ಬಮ್ ವಿಭಾಗದಲ್ಲಿ, ಸಂಗೀತಕ್ಕೆ. 2023ರಲ್ಲಿ ಬಂದದ್ದು ಇಮ್ಮರ್ಸಿವ್ ಆಡಿಯೋ ವಿಭಾಗದಲ್ಲಿ, ಅದೇ ಸಂಗೀತ ಕೇಳುಗರ ಸುತ್ತಲಿಂದ ಬರುವ ಹಾಗೆ ಮಾಡಿದ ಹೊಸ ಮಿಕ್ಸಿಂಗ್‌ಗೆ. ಆ ಸಲ ಕೇಜ್ ಮತ್ತು ಆಲ್ಬಮ್‌ನಲ್ಲಿ ಅವರ ಜೊತೆಗಾರರಾದ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆಗೆ ಮಿಕ್ಸಿಂಗ್ ಎಂಜಿನಿಯರ್ ಎರಿಕ್ ಶಿಲ್ಲಿಂಗ್, ನಿರ್ಮಾಪಕ ಹರ್ಬರ್ಟ್ ವಾಲ್ಟ್ಲ್ ಅವರೂ ಪ್ರಶಸ್ತಿ ಪಡೆದರು.