ನುಡಿ, ಯೂನಿಕೋಡ್, ಎಕ್ಸೆಲ್: ಆಫೀಸು ಕೆಲಸ ಕಲಿಯುವವರಿಗೆ ಟಿಪ್ಪಣಿ

ಡಿಸಿಎ ಕಂಪ್ಯೂಟರ್ ಕೋರ್ಸ್ ಸೇರಿರುವವರಿಗೆ, ಎಸ್‌ಡಿಎ, ಎಫ್‌ಡಿಎ ಸಹಾಯಕ ಹುದ್ದೆಗಳಿಗೆ ಓದುತ್ತಿರುವವರಿಗೆ, ಸಿಎಲ್‌ಟಿ ಬರೆಯಬೇಕಾದ ಹೊಸ ನೌಕರರಿಗೆ ಈ ಟಿಪ್ಪಣಿ. ಸಿಎಲ್‌ಟಿ ಅಂದರೆ 2012ರ ನಿಯಮದ ಪ್ರಕಾರ ರಾಜ್ಯ ಸರ್ಕಾರಿ ನೌಕರರು ಪಾಸು ಮಾಡಬೇಕಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ಕೋಚಿಂಗ್‌ನಲ್ಲಿ ಪವರ್‌ಪಾಯಿಂಟ್‌ನ ಅನಿಮೇಷನ್‌ವರೆಗೆ ಎಲ್ಲ ಹೇಳಿಕೊಡುತ್ತಾರೆ. ಕನ್ನಡ ಅಕ್ಷರವನ್ನು ಕಂಪ್ಯೂಟರ್ ಒಳಗೆ ಹೇಗೆ ಇಟ್ಟುಕೊಳ್ಳುತ್ತದೆ ಅಂತ ಮಾತ್ರ ಹೇಳುವುದು ಕಡಿಮೆ. ಆಫೀಸಿನಲ್ಲಿ ತಲೆನೋವು ಬರುವುದೇ ಅಲ್ಲಿಂದ.

ಮೊದಲು ಕೀಬೋರ್ಡ್, ಬೇಗ ಮುಗಿಸೋಣ. ನುಡಿ ಅಂದರೆ ಸರ್ಕಾರಿ ಕಚೇರಿಗಳಲ್ಲಿ ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶ. ಅದರಲ್ಲಿರುವುದು ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ. ಇದಕ್ಕೆ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಹೆಚ್ಚಿನ ಅಕ್ಷರಗಳು ಸದ್ದಿಗೆ ತಕ್ಕಂತೆ ಕೂತಿವೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಮೊಬೈಲಿನಲ್ಲಿ ಟೈಪ್ ಮಾಡಿ ರೂಢಿಯಾದವರು ಪ್ರತಿ ಅಕ್ಷರ ಆದ ಮೇಲೆ ಎ ಒತ್ತಲು ಹೋಗುತ್ತಾರೆ, ಅದು ಬೇಡ. ಕೈ ತಪ್ಪುವ ಜಾಗ ನಾಲ್ಕೇ: ಟ ಇರುವುದು ಕ್ಯೂನಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ, ಒತ್ತಕ್ಷರಕ್ಕೆ ಎಫ್. ‘ಲಕ್ಷ್ಮಿ’ ಬರೆಯಲು ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಐ. ಇದೊಂದನ್ನು ಕೀಬೋರ್ಡ್ ನೋಡದೆ ಹೊಡೆದರೆ ಅರ್ಧ ಕಲಿತ ಹಾಗೆ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್ ಸೇರಿಸಿಕೊಂಡು ಅಭ್ಯಾಸ ಮಾಡುವವರು ಹುಷಾರು. ಅಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿ ವಿನ್ಯಾಸ ಬಂದಿದ್ದರೆ ಒತ್ತಿಗೆ ಎಫ್ ಅಲ್ಲ, ಡಿ. ತ ಸಿಗುವುದು ಎಲ್ ಒತ್ತಿದಾಗ! ಎರಡನ್ನೂ ಬೆರೆಸಿದರೆ ಕೈ ಕೆಡುತ್ತದೆ.

ಈಗ ಮುಖ್ಯ ವಿಷಯ. ನುಡಿಯ ಹಳೆಯ ಫಾಂಟುಗಳಲ್ಲಿ ನಾವು ‘ಕನ್ನಡ’ ಅಂತ ಟೈಪ್ ಮಾಡಿದಾಗ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆ, ಮೇಲೆ ಕನ್ನಡದ ವೇಷ. ನಂಬಿಕೆ ಬರದಿದ್ದರೆ ಆ ಪದವನ್ನು ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಹೀಗೆ ಒಟ್ಟು ಏಳು ಚಿಹ್ನೆ ಕಾಣುತ್ತವೆ. ಆ ಪೌಂಡ್ ಗುರುತೇ ನಮ್ಮ ‘ನ’. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ, ಅಲ್ಲಿ ಹಾಗಲ್ಲ. ಕನ್ನಡಕ್ಕೆ ಅಂತಲೇ 128 ಸ್ಥಾನ ಮೀಸಲಿದೆ, ಕ ಅಂದರೆ ಯಾವ ಫಾಂಟಿನಲ್ಲೂ ಕ. ಅಲ್ಲಿ ‘ಕನ್ನಡ’ದ ಉದ್ದ ಐದು: ಕ, ನ, ಒತ್ತಿನ ಚಿಹ್ನೆ, ಇನ್ನೊಂದು ನ, ಡ. ಎಕ್ಸೆಲ್‌ನಲ್ಲಿ ಉದ್ದ ಎಣಿಸುವ ಲೆನ್ (LEN) ಫಾರ್ಮುಲಾ ಹಾಕಿ ನೋಡಿ. ಐದು ಬಂದರೆ ಯೂನಿಕೋಡ್, ಏಳು ಬಂದರೆ ಹಳೆಯ ನುಡಿ. ಯಾರೋ ಕೊಟ್ಟ ಫೈಲು ಯಾವುದು ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಬೇಡ.

ಪ್ರಿಂಟ್ ತೆಗೆದು ಸಹಿ ಹಾಕಿಸುವ ಪತ್ರಕ್ಕೆ ಇದರಿಂದ ಏನೂ ವ್ಯತ್ಯಾಸ ಆಗಲ್ಲ. ಹಾಗಾಗಿಯೇ ಎಷ್ಟೋ ಕಚೇರಿಗಳಲ್ಲಿ ಹಳೆಯ ಫಾಂಟೇ ಇನ್ನೂ ಓಡುತ್ತಿದೆ. ಪಟ್ಟಿ ಮಾಡಲು ಕೂತಾಗ ಗೊತ್ತಾಗುತ್ತದೆ. ಫಲಾನುಭವಿಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸಿ ಅಂದರು ಅಂದುಕೊಳ್ಳಿ. ನುಡಿ ಫಾಂಟಿನ ಪಟ್ಟಿಗೆ ಸಾರ್ಟ್ ಕೊಟ್ಟರೆ ನಾಗರಾಜ ಮೇಲೆ, ಅನಿಲ ಕೆಳಗೆ. ಎಕ್ಸೆಲ್ ತಪ್ಪೇನೂ ಮಾಡಿಲ್ಲ. ಅದರ ಲೆಕ್ಕದಲ್ಲಿ ಪೌಂಡ್ ಚಿಹ್ನೆ ಅಕ್ಷರಗಳಿಗಿಂತ ಮೊದಲು ಬರುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಅನಿಲ ತಾನಾಗಿಯೇ ಮೇಲೆ ಹೋಗುತ್ತಾನೆ.

ಯೂನಿಕೋಡ್‌ನಲ್ಲಿ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ‘ಮಂಜುನಾಥ’ ಮತ್ತು ‘ಮ೦ಜುನಾಥ’, ಎರಡನ್ನೂ ನೋಡಿ. ಕಣ್ಣಿಗೆ ಒಂದೇ ಅಲ್ವಾ? ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಕೂತಿದೆ. ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ವಿಲುಕಪ್ (VLOOKUP) ಫಾರ್ಮುಲಾ ಹಾಕಿದರೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಅನುಸ್ವಾರಕ್ಕೆ ಶಿಫ್ಟ್ ಜೊತೆ ಎಂ, ಬೇರೆ ಏನೂ ಅಲ್ಲ. ಹಳೆಯ ಪಟ್ಟಿ ಕೈಗೆ ಬಂದರೆ ಮೊದಲ ಕೆಲಸವಾಗಿ ಹೆಸರಿನ ಕಾಲಂ ಮಾತ್ರ ಆಯ್ಕೆ ಮಾಡಿ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಸೊನ್ನೆಯನ್ನು ತೆಗೆದು ಅನುಸ್ವಾರ ಹಾಕಿ. ಪೂರ್ತಿ ಹಾಳೆಗೆ ಹಾಕಿದರೆ ಕನ್ನಡ ಅಂಕಿಯಲ್ಲಿರುವ ಮೊತ್ತಗಳೂ ಕೆಡುತ್ತವೆ.

ಅಂಕಿಯ ಮಾತು ಬಂತು, ಇದನ್ನೂ ಬರೆದುಕೊಳ್ಳಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಹೊಡೆದರೆ ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲಿನ ಸೊನ್ನೆಗಳೂ ಹಾರಿಹೋಗುತ್ತವೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು ಆಮೇಲೆ ತುಂಬಿಸಿ. ತುಂಬಿಸಿದ ಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ವಾಪಸ್ ಬರಲ್ಲ. ಹಣ ಯಾರದೋ ಖಾತೆಗೆ ಹೋಗುವ ವಿಷಯ ಇದು, ಟೈಪಿಂಗ್ ವೇಗಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸಲು ನುಡಿಯಲ್ಲೇ ಪರಿವರ್ತಕ ಇದೆ. ಬದಲಿಸಿದ ಮೇಲೆ ಎರಡು ಜಾಗ ನೋಡಿ. ಒಂದು, ಮಧ್ಯೆ ಇದ್ದ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಅವೂ ನುಡಿಯೇ ಅನ್ನಿಸಿ ಅರ್ಥವಿಲ್ಲದ ಕನ್ನಡವಾಗಿರುತ್ತವೆ. ಇಮೇಲ್ ವಿಳಾಸಕ್ಕೆ ಹೀಗೆ ಆಗುವುದು ಜಾಸ್ತಿ. ಇನ್ನೊಂದು, ಅರ್ಕಾವತ್ತು ಇರುವ ಪದಗಳು: ಕಾರ್ಯದರ್ಶಿ, ವರ್ಗಾವಣೆ, ಅರ್ಜಿ. ಆಫೀಸು ಪತ್ರದಲ್ಲಿ ಇವಿಲ್ಲದ ಪುಟವೇ ಇಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಮೇಲ್ ಮರ್ಜ್‌ಗೆ (ಅಂದರೆ ಪಟ್ಟಿಯ ಹೆಸರುಗಳನ್ನು ಒಂದೇ ವರ್ಡ್ ಪತ್ರಕ್ಕೆ ತಾನಾಗಿಯೇ ತುಂಬಿಸುವ ಕೆಲಸಕ್ಕೆ) ಈ ಸರಿ ಮಾಡಿದ ಪಟ್ಟಿಯನ್ನೇ ಬಳಸಿ. ಅಲ್ಲಿ ಉಳಿಯುವ ಒಂದು ಕಾಟ ದಿನಾಂಕ. ಎಕ್ಸೆಲ್‌ನಲ್ಲಿ 05-08 ಅಂತ ಇದ್ದದ್ದು ವರ್ಡ್ ಪತ್ರಕ್ಕೆ ಬರುವಾಗ ತಿಂಗಳು ಮುಂದೆ ಬಂದು ಮೇ 8 ಅನ್ನಿಸಬಹುದು. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಟೆಕ್ಸ್ಟ್ ಫಾರ್ಮುಲಾದಿಂದ ದಿನಾಂಕವನ್ನು ಬರಹವಾಗಿಸಿ, ಪತ್ರಕ್ಕೆ ಆ ಕಾಲಂ ಜೋಡಿಸಿ. ಪ್ರಿಂಟ್ ಕೊಡುವ ಮೊದಲು ಪ್ರಿವ್ಯೂನಲ್ಲಿ ತಾರೀಕು 12 ಅಥವಾ ಅದಕ್ಕಿಂತ ಕಡಿಮೆ ಇರುವ ಪತ್ರವನ್ನು ತೆರೆದು ನೋಡಿ, ಅದಲುಬದಲಾಗಿದ್ದರೂ ಸರಿಯಾಗಿಯೇ ಕಾಣುವುದು ಅಂಥವೇ.